ಟ್ಯೂಬ್‌ಲೈಟ್ ಪದೇ ಪದೇ ಮಾಯ ಆಗ್ತಿದ್ಯಾ, ಸಡಿಲ ಆಗ್ತಿದ್ಯಾ? ಮೊದಲು ಕಾರಣ ಹುಡುಕಿ, ಆಮೇಲೆ ಬೀಗ

ಶಾಲೆ ವರಾಂಡ, ಹಾಸ್ಟೆಲ್ ಕಾರಿಡಾರು, ಅಪಾರ್ಟ್‌ಮೆಂಟ್ ಪಾರ್ಕಿಂಗು, ದೇವಸ್ಥಾನದ ಪೌಳಿ, ಸಮುದಾಯ ಭವನದಲ್ಲಿ ಕೈ ತೊಳೆಯೋ ಜಾಗ, ಹೀಗೆ ಹತ್ತಾರು ಜನ ಓಡಾಡೋ ಕಡೆ ಟ್ಯೂಬ್‌ಲೈಟ್ ನಿಲ್ಲಲ್ಲ ಅನ್ನೋ ದೂರು ಬರ್ತಾನೇ ಇರುತ್ತೆ. ಇವತ್ತು ಹಾಕಿದ್ರೆ ವಾರಕ್ಕೆ ಇರಲ್ಲ, ಇಲ್ಲಾ ಇದ್ರೂ ಉರಿಯಲ್ಲ, ಇಲ್ಲಾ ಬೆಳಿಗ್ಗೆ ಬಂದು ನೋಡಿದ್ರೆ ನೆಲದ ಮೇಲೆ ಗಾಜಿನ ಚೂರು. ಎಲ್ಲರ ಬಾಯಲ್ಲೂ ಮೊದಲು ಬರೋ ಮಾತು "ಯಾರೋ ಕದ್ಕೊಂಡು ಹೋದ್ರು ಕಣ್ರೀ" ಅಂತ, ತಕ್ಷಣ ಜಾಲರಿ ಹೊಡೆಸೋಣ, ಕ್ಯಾಮೆರಾ ಹಾಕ್ಸೋಣ ಅಂತ ಚರ್ಚೆ ಶುರುವಾಗುತ್ತೆ. ನಾನು ಹೇಳೋದು ಒಂದೇ. ಟ್ಯೂಬು ತನ್ನ ಜಾಗ ಯಾಕೆ ಬಿಡ್ತು ಅಂತ ಗೊತ್ತಾಗೋವರೆಗೂ ಬೀಗ ಹಾಕ್ಬೇಡಿ. ಹೋಲ್ಡರ್ ಸವೆದು ಬೀಳ್ತಿರೋ ಟ್ಯೂಬಿಗೆ ಜಾಲರಿ ಹಾಕಿದ್ರೆ ಅದು ಜಾಲರಿ ಒಳಗೇ ಬಿದ್ದು ಒಡೆಯುತ್ತೆ, ಯಾರೋ ಬೇಕಂತಲೇ ಕತ್ತಲೆ ಮಾಡ್ತಿರೋ ಕಡೆ ಸ್ಕ್ರೂ ಬಿಗಿ ಮಾಡಿದ್ರೆ ಮುಂದಿನ ಸಲ ಕಲ್ಲು ತಗೊಂಡು ಹೊಡೀತಾರೆ, ಎರಡರಲ್ಲೂ ದುಡ್ಡು ಹೋಗಿದ್ದಷ್ಟೇ ಬಂತು.

ಕೈ ಹಾಕೋಕೆ ಮುಂಚೆ

ಟ್ಯೂಬು ಅಥವಾ ಪೂರ್ತಿ ಬ್ಯಾಟನ್ನೇ (ಗೋಡೆಗೆ ಹೊಡೆದಿರೋ ಪಟ್ಟಿ ಸಮೇತ ಇಡೀ ಲೈಟು) ಇಲ್ಲ ಅಂತ ಗೊತ್ತಾದ ಕ್ಷಣ ಮೊದಲ ಕೆಲಸ ಆ ಲೈನಿನ ಎಂಸಿಬಿ, ಅಂದ್ರೆ ಬೋರ್ಡಲ್ಲಿ ಆ ಲೈನಿಗೆ ಕರೆಂಟ್ ಕಡಿಯೋ ಸ್ವಿಚ್ಚು, ಇಳಿಸೋದು. ಗೋಡೆ ಸ್ವಿಚ್ ಆಫ್ ಮಾಡಿದ್ರೆ ಸಾಕು ಅನ್ಕೋಬೇಡಿ, ಹಳೇ ಕಟ್ಟಡಗಳಲ್ಲಿ ಸ್ವಿಚ್ಚನ್ನ ಫೇಸ್ ಬದಲು ನ್ಯೂಟ್ರಲ್‌ಗೆ ಕೊಟ್ಟಿರೋದು ಮಾಮೂಲಿ, ಸ್ವಿಚ್ ಆಫ್ ಇದ್ರೂ ಹೋಲ್ಡರಲ್ಲಿ 230 ವೋಲ್ಟ್ ನಿಂತಿರುತ್ತೆ. ಬ್ಯಾಟನ್ ಕಿತ್ಕೊಂಡು ಹೋಗಿರೋ ಜಾಗದಲ್ಲಿ ಎರಡು ವೈರ್ ತುದಿ ಬೆತ್ತಲೆಯಾಗಿ ನೇತಾಡ್ತಿರುತ್ತೆ, ಮಕ್ಕಳು ಓಡಾಡೋ ಜಾಗ ಆದ್ರೆ ಇದಕ್ಕಿಂತ ಅಪಾಯ ಇನ್ನೊಂದಿಲ್ಲ, ಹೋದ ಟ್ಯೂಬಿನ ಬೆಲೆ ಅದರ ಮುಂದೆ ಲೆಕ್ಕಕ್ಕೇ ಬರಲ್ಲ. ತುದಿಗಳಿಗೆ ಬೇರೆ ಬೇರೆಯಾಗಿ ಇನ್ಸುಲೇಷನ್ ಟೇಪ್ ಸುತ್ತಿ, ಮೇಲಕ್ಕೆ ಮಡಚಿ ಕಟ್ಟಿ, ಆಮೇಲೆ ಯಾರು ತಗೊಂಡ್ರು ಅನ್ನೋ ವಿಚಾರಣೆ ಮಾಡ್ಕೊಳ್ಳಿ. ಟೆಸ್ಟರ್ ಹಚ್ಚೋಕೆ ಮುಂಚೆ ಅದನ್ನ ಕರೆಂಟ್ ಇರೋ ಒಂದು ಪ್ಲಗ್ಗಲ್ಲಿ ಇಟ್ಟು ಟೆಸ್ಟರ್ರೇ ಸರಿಯಿದ್ಯಾ ಅಂತ ನೋಡ್ಕೊಳ್ಳಿ, ಕೆಟ್ಟ ಟೆಸ್ಟರ್ ಯಾವಾಗ್ಲೂ ಕರೆಂಟ್ ಇಲ್ಲ ಅಂತಾನೇ ಹೇಳುತ್ತೆ.

ಹಳೇ ಗಾಜಿನ ಟ್ಯೂಬು ಒಡೆದಿದ್ರೆ ಅದರಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇರುತ್ತೆ. ಹೆದರೋ ಅಷ್ಟಿಲ್ಲ, ಆದ್ರೆ ಕಿಟಕಿ ಬಾಗಿಲು ತೆಗೆದು ಸ್ವಲ್ಪ ಹೊತ್ತು ಹೊರಗಿದ್ದು, ಆಮೇಲೆ ರಟ್ಟಲ್ಲಿ ಚೂರು ಎತ್ತಿ, ಒದ್ದೆ ಪೇಪರಲ್ಲಿ ಒರೆಸಿ, ಎಲ್ಲಾ ಒಂದು ಕವರಿಗೆ ಹಾಕಿ ಗಂಟು ಹಾಕಿ. ಪೊರಕೆಯಲ್ಲಿ ಜೋರಾಗಿ ಗುಡಿಸಿ ಧೂಳೆಬ್ಬಿಸಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ.

ಜಾಗ ನೋಡಿದ್ರೆ ಅರ್ಧ ಕಥೆ ಗೊತ್ತಾಗುತ್ತೆ

ಏಣಿ ಹತ್ತಿ ಹೋಲ್ಡರನ್ನ ಹತ್ತಿರದಿಂದ ನೋಡಿ. ಎರಡೂ ಹೋಲ್ಡರ್ ಚೆನ್ನಾಗಿದೆ, ಕಿವಿ ಮುರಿದಿಲ್ಲ, ಕೆಳಗೆ ಚೂರಿಲ್ಲ, ಪಟ್ಟಿ ಮೇಲಿರೋ ಧೂಳಲ್ಲಿ ಬೆರಳಿನ ಗುರುತಿದೆ ಅಂದ್ರೆ ಯಾರೋ ಗೊತ್ತಿರೋರೇ ನಿಧಾನಕ್ಕೆ ತಿರುಗಿಸಿ ತಗೊಂಡಿದ್ದಾರೆ. ಟ್ಯೂಬಿನ ತಲೆಯ ತಗಡಿನ ಟೊಪ್ಪಿ ಮಾತ್ರ ಪಿನ್ ಸಮೇತ ಹೋಲ್ಡರಲ್ಲೇ ಉಳ್ಕೊಂಡಿದೆ, ಗಾಜು ಕೆಳಗಿದೆ ಅಂದ್ರೆ ಅದು ಏಟು ಬಿದ್ದು ಒಡೆದಿದ್ದು, ಕ್ರಿಕೆಟ್ ಬಾಲೋ ಕಲ್ಲೋ ಕೋಲೋ. ಒಂದು ಕಡೆ ಹೋಲ್ಡರಿನ ಪ್ಲಾಸ್ಟಿಕ್ ಸೀಳಿದೆ, ಹಳದಿಯಾಗಿ ಪುಡಿಪುಡಿ ಆಗ್ತಿದೆ, ಟ್ಯೂಬು ಆ ಕಡೆಯಿಂದ ಮೊದಲು ಬಿದ್ದ ಹಾಗಿದೆ ಅಂದ್ರೆ ಕಳ್ಳನ ಮಾತೇ ಬೇಡ, ಹೋಲ್ಡರ್ ಬದಲಾಯಿಸಿ.

ಇನ್ನೊಂದು ವಿಚಿತ್ರ ದೂರು ಇದೆ, "ನಿನ್ನೆ ರಾತ್ರಿ ಚೆನ್ನಾಗಿ ಉರೀತಿತ್ತು, ಕರೆಂಟ್ ಹೋಗಿ ಬಂದ ಮೇಲೆ ಹತ್ತಲೇ ಇಲ್ಲ" ಅಂತ. ಚೋಕು ಸ್ಟಾರ್ಟರ್ ಇರೋ ಹಳೇ ಸೆಟ್ಟಲ್ಲಿ ಇದನ್ನ ಕೇಳಿದ ತಕ್ಷಣ ಸ್ಟಾರ್ಟರ್ (ಪಟ್ಟಿಗೆ ತಿರುಗಿಸಿ ಹಾಕೋ ಸಣ್ಣ ಡಬ್ಬಿ) ಇದ್ಯಾ ನೋಡಿ. ಸ್ಟಾರ್ಟರ್ ಕೆಲಸ ಟ್ಯೂಬು ಹತ್ತೋವರೆಗೆ ಮಾತ್ರ, ಉರೀತಿರೋ ಟ್ಯೂಬಿಂದ ಅದನ್ನ ತಿರುಗಿಸಿ ತೆಗೆದ್ರೂ ಟ್ಯೂಬು ಉರೀತಾನೇ ಇರುತ್ತೆ, ಹಾಗಾಗಿ ಸಂಜೆ ಹುಡುಗರು ಆಟಕ್ಕೆ ಕಿತ್ಕೊಂಡು ಹೋಗಿದ್ರೆ ಯಾರಿಗೂ ಗೊತ್ತೇ ಆಗಲ್ಲ, ಮುಂದಿನ ಸಲ ಸ್ವಿಚ್ ಹಾಕ್ದಾಗ ಗೊತ್ತಾಗುತ್ತೆ. ಟ್ಯೂಬಿನ ಎರಡು ತುದಿ ಮಾತ್ರ ಕೆಂಪಗೆ ಉರಿದು ಮಧ್ಯೆ ಹತ್ತದೇ ಇದ್ರೆ ಸ್ಟಾರ್ಟರ್ ಒಳಗೇ ಅಂಟ್ಕೊಂಡಿದೆ ಅಂತ ಅರ್ಥ. ತುದಿಗಳು ಕಪ್ಪಾಗಿ ಮಿಟಿಮಿಟಿ ಅಂತಿದ್ರೆ ಟ್ಯೂಬಿನ ಆಯಸ್ಸೇ ಮುಗಿದಿದೆ. ಇವೆರಡಕ್ಕೂ ಬೀಗಕ್ಕೂ ಏನೂ ಸಂಬಂಧ ಇಲ್ಲ.

ಇನ್ನು ಅದಲು ಬದಲು. ಹೊಸ ಟ್ಯೂಬು ಹಾಕಿ ಹೋದ್ರೆ ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ತುದಿ ಕಪ್ಪಾಗಿರೋ ಹಳೇ ಟ್ಯೂಬು ಕೂತಿರುತ್ತೆ, ಎಲ್ಲರೂ "ಅಂಗಡಿಯವನು ಮೋಸ ಮಾಡ್ದ" ಅಂತ ಅಂಗಡಿಗೆ ಹೋಗಿ ಜಗಳ ಆಡ್ತಾರೆ. ಇದನ್ನ ಕಂಡುಹಿಡಿಯೋಕೆ ಟ್ಯೂಬಿನ ಟೊಪ್ಪಿ ಹತ್ರ ಪರ್ಮನೆಂಟ್ ಮಾರ್ಕರಲ್ಲಿ ಜಾಗದ ನಂಬರು, ಹಾಕಿದ ತಾರೀಖು ಬರೆದುಬಿಡಿ, ಬೆನ್ನಲ್ಲಿ ಅಲ್ಯೂಮಿನಿಯಂ ಇರೋ ಎಲ್‌ಇಡಿ ಟ್ಯೂಬಾದ್ರೆ ಬೆನ್ನ ಮೇಲೇ ಬಣ್ಣದಲ್ಲಿ ಶಾಲೆ ಹೆಸರು ಬರೀಬಹುದು. ಹೆಸರು ಬರೆದಿರೋ ಟ್ಯೂಬನ್ನ ಮನೇಲಿ ಹಾಕ್ಕೊಳ್ಳೋಕೆ ಜನ ಹಿಂಜರೀತಾರೆ. ಖರ್ಚಿಲ್ಲದ ಉಪಾಯ ಇದು, ಜಾಲರಿ ಬಗ್ಗೆ ಯೋಚಿಸೋಕೆ ಮುಂಚೆ ಮಾಡಿ ಮುಗಿಸಬೇಕಾದ್ದು.

ಹೋಲ್ಡರ್, ಹೋಲ್ಡರ್, ಹೋಲ್ಡರ್

ಟ್ಯೂಬು ತಾನಾಗೇ ಸಡಿಲ ಆಗೋದಕ್ಕೆ ಹೋಲ್ಡರೇ ದೊಡ್ಡ ಕಾರಣ, ಇದನ್ನ ಯಾರೂ ಸರಿಯಾಗಿ ನೋಡಲ್ಲ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತಿದ್ದೀನಿ.

ನಮ್ಮ ಕಡೆ ಎರಡು ಥರ ಸಿಗುತ್ತೆ. ಒಂದು ತಿರುಗೋ ಹೋಲ್ಡರು, ಟ್ಯೂಬಿನ ಎರಡು ಪಿನ್ನನ್ನ ಸೀಳಿನೊಳಗೆ ಇಳಿಸಿ ಕಾಲು ಸುತ್ತು ತಿರುಗಿಸಿದ್ರೆ ಟಕ್ ಅಂತ ಕೂರುತ್ತೆ. ಇನ್ನೊಂದು ಸ್ಪ್ರಿಂಗ್ ಹೋಲ್ಡರು, ಒಂದು ಕಡೆ ಪಿನ್ ತೂತಿಗೆ ಸೇರಿಸಿ ಸ್ಪ್ರಿಂಗ್ ಒತ್ತಿ ಹಿಡಿದು ಇನ್ನೊಂದು ಕಡೆಯನ್ನ ತೂತಿಗೆ ಕೂರಿಸಿ ಬಿಡೋದು. ತಿರುಗೋ ಥರದ್ದರಲ್ಲಿ ಆ ಟಕ್ ಅನ್ನೋದೇ ಬೀಗ. ಅದು ಸವೆದು ಹೋದ್ರೆ ಸವೆದ ಚಪ್ಪಲಿಯ ಉಂಗುಷ್ಟದ ಥರ, ಇದೆ ಅನ್ಸುತ್ತೆ ಆದ್ರೆ ಹಿಡಿಯಲ್ಲ. ಕರೆಂಟ್ ಆಫ್ ಮಾಡಿ ಟ್ಯೂಬನ್ನ ಎರಡು ಬೆರಳಲ್ಲಿ ತಿರುಗಿಸಿ ನೋಡಿ, ಸ್ವಲ್ಪ ಬಲ ಹಾಕದೇನೇ ತಿರುಗಿದ್ರೆ ಆ ಹೋಲ್ಡರ್ ಮುಗೀತು. ಟ್ಯೂಬಿನ ಟೊಪ್ಪಿ ಮೇಲೆ ಪಿನ್ನಿನ ದಿಕ್ಕು ತೋರಿಸೋ ಸಣ್ಣ ಗೆರೆ ಅಥವಾ ತಗ್ಗು ಇದ್ರೆ ಅದನ್ನ ನೋಡ್ಕೊಂಡು ಪೂರ್ತಿ ತಿರುಗಿದ್ಯಾ ಅಂತ ತಿಳ್ಕೋಬಹುದು, ಅರ್ಧ ತಿರುಗಿದ್ರೂ ಟ್ಯೂಬು ಉರಿಯುತ್ತೆ, ಆದ್ರೆ ಬಾಗಿಲು ಜೋರಾಗಿ ಹಾಕಿದ ದಿನ ಕಳಚ್ಕೊಳುತ್ತೆ. ಎಷ್ಟೋ ಕಡೆ ಕಳ್ಳತನ ಅಂತ ಬರೆಸಿರೋ ದೂರು ಇದೇ ಆಗಿರುತ್ತೆ, ಬಿದ್ದು ಒಡೆದಿದ್ದನ್ನ ಗುಡಿಸೋ ಅಮ್ಮ ಬೆಳಿಗ್ಗೆ ಬೇಗ ಎತ್ತಿ ಹಾಕಿರ್ತಾರೆ, ಆಮೇಲೆ ಬಂದವರಿಗೆ ಕಾಣೋದು ಖಾಲಿ ಪಟ್ಟಿ ಅಷ್ಟೇ.

ಸ್ಪ್ರಿಂಗ್ ಥರದ್ದರಲ್ಲಿ ನೋಡ್ಬೇಕಾದ್ದು ಎರಡು ಹೋಲ್ಡರಿನ ಮಧ್ಯದ ಅಂತರ. ನಾಲ್ಕಡಿ ಟ್ಯೂಬಿನ ಉದ್ದ ಟೊಪ್ಪಿಯಿಂದ ಟೊಪ್ಪಿಗೆ ಸುಮಾರು 1200 ಎಂಎಂ, ಎರಡೂ ಕಡೆ ಪಿನ್ ಸೇರಿದ್ರೆ 1214 ಹತ್ರ, ಅಂದ್ರೆ ಒಂದೊಂದು ಪಿನ್ನು 7 ಎಂಎಂ ಮಾತ್ರ. ತಗಡಿನ ಪಟ್ಟಿಯನ್ನ ಡೊಂಕು ಗೋಡೆಗೆ ಎಳೆದು ಸ್ಕ್ರೂ ಹೊಡೆದಿದ್ರೆ ಪಟ್ಟಿ ಬಿಲ್ಲಿನ ಹಾಗೆ ಬಾಗಿ ಹೋಲ್ಡರ್‌ಗಳು ಹೊರಕ್ಕೆ ವಾಲ್ತವೆ, ಒಂದೊಂದು ಕಡೆ ಮೂರು ನಾಲ್ಕು ಎಂಎಂ ಜಾಸ್ತಿ ಆದ್ರೆ ಸಾಕು, ಟ್ಯೂಬು ಅರ್ಧ ಪಿನ್ನಲ್ಲಿ ನಿಂತಿರುತ್ತೆ, ಯಾರು ಮುಟ್ಟದೇ ಇದ್ರೂ ಒಂದು ದಿನ ಬೀಳುತ್ತೆ. ಟೇಪ್ ಹಿಡಿದು ಅಳೆದು ನೋಡಿ. ಪಟ್ಟಿ ಬಾಗಿದ್ರೆ ಸ್ಕ್ರೂ ಸಡಿಲಿಸಿ ಸಂದಿಗೆ ಚಕ್ಕೆಯೋ ವಾಷರೋ ಕೊಟ್ಟು ನೇರ ಮಾಡಿ, ಹೋಲ್ಡರ್ ಕೂರಿಸಿರೋ ಸ್ಕ್ರೂ ಕೂಡ ಬಿಗಿ ಮಾಡಿ. ಇದಿಷ್ಟಕ್ಕೇ ಸುಮಾರು ದೂರು ಮುಗಿದು ಹೋಗುತ್ತೆ.

ಹಳೇ ದಪ್ಪ 40 ವ್ಯಾಟ್ ಟ್ಯೂಬಿನ ಅಡ್ಡಗಲ 38 ಎಂಎಂ, ಆಮೇಲೆ ಬಂದ ಸಣ್ಣ 36 ವ್ಯಾಟ್‌ದು 26 ಎಂಎಂ, ಎರಡರ ಪಿನ್ ಮಧ್ಯದ ಅಂತರ ಒಂದೇ 13 ಎಂಎಂ, ಹಾಗಾಗಿ ಒಂದೇ ಹೋಲ್ಡರಿಗೆ ಎರಡೂ ಕೂರುತ್ತೆ. ಎಲ್‌ಇಡಿ ಟ್ಯೂಬೂ ಕೂರುತ್ತೆ, ಅದೇ ತೊಂದರೆ. ಅಲ್ಯೂಮಿನಿಯಂ ಬೆನ್ನಿರೋ ಎಲ್‌ಇಡಿ ಟ್ಯೂಬು ಗಾಜಿನದ್ದಕ್ಕಿಂತ ಭಾರ, ಹದಿನೈದು ವರ್ಷದಿಂದ ಬಿಸಿಲು ಶಾಖಕ್ಕೆ ಗರಿಗರಿ ಆಗಿರೋ ಹೋಲ್ಡರು ಆ ಭಾರ ತಡೆಯಲ್ಲ. ಎಲ್‌ಇಡಿ ಟ್ಯೂಬು ಹಾಕ್ವಾಗ ಹೋಲ್ಡರೂ ಹೊಸದು ಹಾಕಿ, ಅದಕ್ಕೆ ಬೀಳೋ ಖರ್ಚು ಏನೇನೂ ಅಲ್ಲ. ಇನ್ನೊಂದು ಮುಖ್ಯವಾದ್ದು: ಕೆಲವು ಎಲ್‌ಇಡಿ ಟ್ಯೂಬಿಗೆ ಫೇಸು ನ್ಯೂಟ್ರಲ್ಲು ಎರಡೂ ಒಂದೇ ತುದಿಗೆ ಕೊಡ್ತಾರೆ, ಕೆಲವಕ್ಕೆ ಒಂದೊಂದು ತುದಿಗೆ ಒಂದೊಂದು. ಈ ಎರಡನೇ ಥರದ್ದರಲ್ಲಿ ಕರೆಂಟ್ ಇದ್ದಾಗ ಒಂದು ತುದಿ ಹೋಲ್ಡರಿಗೆ ಹಾಕಿ ಇನ್ನೊಂದು ತುದಿ ಕೈಯಲ್ಲಿ ಹಿಡ್ಕೊಂಡ್ರೆ ಆ ಪಿನ್ನಿಂದ ಶಾಕ್ ಹೊಡಿಯೋ ಸಾಧ್ಯತೆ ಇದೆ. ಮೇಲೆ ಎಂಸಿಬಿ ಅಂತ ಒತ್ತಿ ಹೇಳಿದ್ದು ಇದಕ್ಕೂ ಸೇರಿ.

ಹಿಟ್ಟಿನ ಗಿರಣಿ ಪಕ್ಕ, ಜನರೇಟರ್ ರೂಮು, ಪಂಪ್‌ಹೌಸು, ರೈಲ್ವೆ ಹಳಿ ಪಕ್ಕದ ಮನೆ, ಇಲ್ಲೆಲ್ಲ ನಡುಕಕ್ಕೇ ಟ್ಯೂಬು ನಿಧಾನಕ್ಕೆ ತಿರುಗ್ತಾ ಬರುತ್ತೆ. ಅಲ್ಲಿ ಒಳ್ಳೆ ಬಿಗಿ ಇರೋ ತಿರುಗೋ ಹೋಲ್ಡರ್ ಹಾಕಿ ಜೊತೆಗೆ ಕೇಬಲ್ ಟೈ ಕೊಟ್ರೆ ಸಾಕು.

ಯಾರೋ ಬೇಕಂತಲೇ ಆರಿಸ್ತಿದ್ರೆ

ಟ್ಯೂಬು ಅಲ್ಲೇ ಇರುತ್ತೆ, ಕೆಟ್ಟಿರಲ್ಲ, ಕಾಲು ಸುತ್ತು ಹಿಂದಕ್ಕೆ ತಿರುಗಿರುತ್ತೆ, ದಿನಾ ರಾತ್ರಿ ಅದೇ ಒಂದು ಟ್ಯೂಬು ಆರಿರುತ್ತೆ, ಬೆಳಿಗ್ಗೆ ತಿರುಗಿಸಿದ್ರೆ ಸರಿಯಾಗುತ್ತೆ. ಇದು ಕಳ್ಳತನ ಅಲ್ಲವೇ ಅಲ್ಲ, ಆ ಬೆಳಕು ಯಾರದೋ ಕಣ್ಣಿಗೆ ಹೊಡೀತಿದೆ. ಆ ಟ್ಯೂಬಿನ ಕೆಳಗೆ ನಿಂತು ಸುತ್ತ ನೋಡಿ, ಯಾವ ಕಿಟಕಿಗೆ ನೇರ ಬೆಳಕು ಬೀಳುತ್ತೆ, ವಾಚ್‌ಮನ್ ಎಲ್ಲಿ ಮಲಗ್ತಾರೆ, ಯಾರ ಬಾಗಿಲ ಸಂದಿಯಿಂದ ಒಳಗೆ ಹೋಗುತ್ತೆ. ಹೋಗಿ ಮಾತಾಡಿ. "ಅಣ್ಣ, ಈ ಲೈಟು ನಿಮಗೆ ತೊಂದರೆ ಕೊಡ್ತಿದ್ಯಾ" ಅಂತ ಕೇಳಿದ್ರೆ ಒಪ್ಪಿಕೊಳ್ಳೋರೇ ಜಾಸ್ತಿ, ಕಳ್ಳ ಅಂತ ಶುರು ಮಾಡಿದ್ರೆ ಯಾರೂ ಬಾಯಿ ಬಿಡಲ್ಲ. ಪಟ್ಟಿಯನ್ನ ಒಂದಡಿ ಸರಿಸೋದು, ಒಂದು ಬದಿಗೆ ತಗಡಿನ ಮರೆ ಕೊಡೋದು, ಆ ಒಂದು ಪಾಯಿಂಟಿಗೆ ಯಾರಾದ್ರೂ ಬಂದಾಗ ಮಾತ್ರ ಹತ್ತೋ ಸೆನ್ಸರ್ ಹಾಕೋದು, ಇಷ್ಟರಲ್ಲಿ ಮುಗಿಯುತ್ತೆ.

ಆದ್ರೆ ಹೆಣ್ಮಕ್ಕಳ ಹಾಸ್ಟೆಲ್ ಹಿಂದಿನ ದಾರಿ, ಶೌಚಾಲಯದ ಕಾರಿಡಾರು, ಮೆಟ್ಟಿಲು, ಇಲ್ಲಿ ಟ್ಯೂಬು ಪದೇ ಪದೇ ಆರ್ತಿದ್ರೆ ಅದನ್ನ ಸಣ್ಣ ವಿಷಯ ಅಂತ ಬಿಡಬೇಡಿ. ಅಲ್ಲಿ ಕತ್ತಲೆ ಬೇಕಾಗಿರೋದು ಯಾರಿಗೆ, ಯಾಕೆ ಅಂತ ವಾರ್ಡನ್ನು, ಆಡಳಿತ ಮಂಡಳಿ ಕೂತು ಕೇಳ್ಕೋಬೇಕು, ಅದೇ ದಿನ ಕೈಗೆ ಎಟುಕದ ಗಟ್ಟಿ ಲೈಟು ಹಾಕಿಸಬೇಕು, ಕೊಟೇಷನ್ ಬರಲಿ ಮುಂದಿನ ಮೀಟಿಂಗ್ ಆಗಲಿ ಅಂತ ಕಾಯೋ ಜಾಗ ಅದಲ್ಲ.

ಕೋತಿ ಕಾಟ ಇರೋ ಊರಲ್ಲಿ ಗುರುತೇ ಬೇರೆ. ಪಟ್ಟಿಯೇ ಕೆಳಕ್ಕೆ ಬಾಗಿರುತ್ತೆ, ವೈರು ಎಳೆದಿರುತ್ತೆ, ಹೊರಗಡೆ ವರಾಂಡದ್ದು ಮಾತ್ರ ಹೋಗಿರುತ್ತೆ, ರೂಮಿನ ಒಳಗಿಂದು ಭದ್ರವಾಗಿರುತ್ತೆ. ಬೆಟ್ಟದ ಮೇಲಿನ ದೇವಸ್ಥಾನಗಳಲ್ಲಿ ಇದನ್ನ ನೋಡಬಹುದು, ಕೋತಿ ಪಟ್ಟಿ ಹಿಡಿದು ಜೋತಾಡುತ್ತೆ ಅಷ್ಟೇ, ಅದಕ್ಕೆ ಟ್ಯೂಬು ಬೇಕಾಗಿಲ್ಲ. ಇಲ್ಲಿ ಟ್ಯೂಬಿಗೆ ಬೀಗ ಹಾಕಿ ಪ್ರಯೋಜನ ಇಲ್ಲ, ಹಿಡಿಯೋಕೆ ಜಾಗ ಸಿಗದ ಹಾಗೆ ಗೋಡೆಗೆ ಅಂಟಿ ಕೂರೋ ದುಂಡನೆ ಬಲ್ಕ್‌ಹೆಡ್ ಲೈಟು ಬೇಕು, ವೈರೂ ಪೈಪೊಳಗೆ ಹೋಗಿರಬೇಕು.

ಈಗ ಭದ್ರ ಮಾಡೋ ವಿಷಯ

ಕಾರಣ ಕಳ್ಳತನವೇ ಅಂತ ಖಾತ್ರಿ ಆದ್ರೆ ನಿಮ್ಮ ಹತ್ರ ಇರೋದು ಯಾವ ಥರ ಲೈಟು ಅನ್ನೋದರ ಮೇಲೆ ಉಪಾಯ ಬದಲಾಗುತ್ತೆ.

ಹಳೇ ಪಟ್ಟಿ, ಗಾಜಿನ ಟ್ಯೂಬು ಇದ್ರೆ ಅತಿ ಕಮ್ಮಿ ಖರ್ಚಿಂದು ಕೇಬಲ್ ಟೈ. ಪಟ್ಟಿಯ ಹಿಂದಿಂದ ತಂದು ಟ್ಯೂಬನ್ನೂ ಸೇರಿಸಿ ಎರಡು ಕಡೆ ಬಿಗಿಯೋದು, ಒಂದು ಸಲ ಪಟ್ಟಿ ಇಳಿಸ್ಬೇಕಾಗುತ್ತೆ. ಕಪ್ಪು ಬಣ್ಣದ್ದೇ ತಗೊಳ್ಳಿ, ಬಿಳಿದು ಬೆಳಕಿಗೆ ಬೇಗ ಗರಿಗರಿಯಾಗಿ ತುಂಡಾಗುತ್ತೆ. ಟ್ಯೂಬಿನ ಕೊನೆಯ ಭಾಗ ಬಿಸಿಯಾಗುತ್ತೆ, ಅದಕ್ಕೆ ತುದಿಯಿಂದ ಒಂದು ಗೇಣು ಒಳಗೆ ಕಟ್ಟಿ. ಚಾಕು ಇರೋನು ಕತ್ತರಿಸ್ತಾನೆ ನಿಜ, ಆದ್ರೆ ಹೋಗ್ತಾ ಬರ್ತಾ ಕೈ ಹಾಕಿ ತಿರುಗಿಸೋ ಮಂದಿಯನ್ನ ಇದು ನಿಲ್ಲಿಸುತ್ತೆ. ಬೈಂಡಿಂಗ್ ವೈರಲ್ಲಿ ಸುತ್ತಿ ಕಟ್ಟೋದು ಮಾತ್ರ ಮಾಡ್ಬೇಡಿ, ಸುತ್ತಿದ ತಂತಿ ಜರುಗಿ ಪಿನ್ನಿಗೆ ತಾಗಿದ್ರೆ ತಗಡಿನ ಪಟ್ಟಿ ಪೂರ್ತಿ ಕರೆಂಟ್ ಬರುತ್ತೆ, ಆ ಪಟ್ಟಿಗೆ ಅರ್ಥಿಂಗ್ ಬೇರೆ ಇರಲ್ಲ. ಸ್ಟೀಲ್ ಹೋಸ್ ಕ್ಲಿಪ್ಪು ಬಿಗಿಯೋ ಐಡಿಯಾನೂ ಕೆಲವರು ಹೇಳ್ತಾರೆ, ಅಲ್ಯೂಮಿನಿಯಂ ಬೆನ್ನಿನ ಎಲ್‌ಇಡಿಗೆ ಕೆಳಗೆ ರಬ್ಬರ್ ಕೊಟ್ಟು ಹಾಕಬಹುದು, ಗಾಜಿಗೆ ಹಾಕಿದ್ರೆ ಒಂದು ಸುತ್ತು ಜಾಸ್ತಿ ತಿರುಗಿಸಿದ ಕೂಡ್ಲೇ ಒಡೆಯುತ್ತೆ.

ಸ್ಟಾರ್ಟರ್ ಕಳ್ಳತನ ಇದ್ರೆ ಎಲೆಕ್ಟ್ರಾನಿಕ್ ಚೋಕಿಗೆ ಬದಲಾಯಿಸಿ, ಅದಕ್ಕೆ ಸ್ಟಾರ್ಟರೇ ಬೇಡ, ಕದಿಯೋ ವಸ್ತುವೇ ಇಲ್ಲ ಅಂದ್ಮೇಲೆ ಕಾಟವೂ ಇಲ್ಲ.

ಪಾರದರ್ಶಕ ಪಾಲಿಕಾರ್ಬೊನೇಟ್ ಕೊಳವೆಯೊಳಗೆ ಟ್ಯೂಬು ಸೇರಿಸಿ ಎರಡೂ ಕಡೆ ಮುಚ್ಚಳ ಹಾಕೋದು ಇನ್ನೊಂದು ದಾರಿ. ಒಡೆದ್ರೆ ಚೂರು ಕೆಳಗೆ ಬೀಳಲ್ಲ, ಅಡುಗೆಮನೆ, ಅಂಗನವಾಡಿಗೆ ಇದು ನಿಜವಾಗ್ಲೂ ಒಳ್ಳೇದು. ಆದ್ರೆ 26 ಎಂಎಂ ಗಾಜಿನ ಟ್ಯೂಬು ಸುತ್ತ ಸುಮಾರು 25 ಡಿಗ್ರಿ ಇದ್ದಾಗ ಚೆನ್ನಾಗಿ ಬೆಳಗೋ ಹಾಗೆ ಮಾಡಿರೋದು, ಮುಚ್ಚಿದ ಕೊಳವೆಯಲ್ಲಿ ಶಾಖ ಏರಿ ಬೆಳಕು ಕಮ್ಮಿ ಆಗುತ್ತೆ, ರಾಯಚೂರು ಕಲಬುರಗಿ ಬೇಸಿಗೆಯಲ್ಲಂತೂ ಗೊತ್ತಾಗೋ ಅಷ್ಟು ಕಮ್ಮಿ ಆಗುತ್ತೆ. 16 ಎಂಎಂ ಸಪೂರ ಟ್ಯೂಬಿಗೆ ಈ ಲೆಕ್ಕ 35 ಡಿಗ್ರಿ, ಅದು ಮುಚ್ಚಿದ ಪೆಟ್ಟಿಗೆಯೊಳಗೂ ಒಗ್ಗುತ್ತೆ. ಅದರ ಪಿನ್ ಅಂತರ 5 ಎಂಎಂ, ಮನೆಯ ಮಾಮೂಲಿ ಪಟ್ಟಿಗೆ ಕೂರೋದೇ ಇಲ್ಲ, ಹಾಗಾಗಿ ಕದ್ದವನಿಗೆ ಉಪಯೋಗ ಇಲ್ಲ.

ಕದ್ರೂ ಬೇರೆ ಕಡೆ ಬಳಸೋಕೆ ಆಗದ ಹಾಗೆ ಮಾಡೋದು ಹಳೇ ಬುದ್ಧಿ. ನ್ಯೂಯಾರ್ಕಿನ ಸಬ್‌ವೇಯಲ್ಲಿ ಎಡಕ್ಕೆ ತಿರುಗಿಸಿ ಬಿಗಿಯೋ ಬಲ್ಬ್ ಬಳಸ್ತಿದ್ರು, ಮನೆಗೆ ತಗೊಂಡು ಹೋದ್ರೆ ಹೋಲ್ಡರಿಗೆ ಸೇರಲ್ಲ. ನಮ್ಮ ರೈಲು ಬೋಗಿಗಳಲ್ಲಿ ಫ್ಯಾನು ಲೈಟಿನ ಲೈನು 110 ವೋಲ್ಟ್, ಅಲ್ಲಿಯ ಬಲ್ಬ್ ತಂದು ಮನೆಯ 230ಕ್ಕೆ ಹಾಕಿದ್ರೆ ಸುಟ್ಟೇ ಹೋಗುತ್ತೆ. ಶಾಲೆ, ಹಾಸ್ಟೆಲಲ್ಲಿ ನಾವು ವೋಲ್ಟೇಜ್ ಬದಲಾಯಿಸೋಕೆ ಆಗಲ್ಲ, ಟ್ಯೂಬಿನ ಅಳತೆ ಬದಲಾಯಿಸಬಹುದು, ಹೆಸರು ಬರೀಬಹುದು. ಆದ್ರೆ ಅಪರೂಪದ ಅಳತೆ ತಗೊಂಡ್ರೆ ನಿಮ್ಮೂರ ಅಂಗಡಿಯಲ್ಲೂ ಸಿಗಲ್ಲ, ಹೋದಾಗೆಲ್ಲ ಬೆಂಗಳೂರಿಂದ ತರಿಸ್ಬೇಕು, ಅದನ್ನ ಯೋಚನೆ ಮಾಡಿ ಇಳೀರಿ.

ಜಾಲರಿ. ಎಲ್ಲರಿಗೂ ಮೊದಲು ನೆನಪಾಗೋದು ಇದೇ. ಒಂದು ಶಾಲೆಯಲ್ಲಿ ಹೆಡ್‌ಮೇಷ್ಟ್ರು ಕೇಳಿದ್ರು, "ಏನಪ್ಪಾ, ಒಂದು ಕಬ್ಬಿಣದ ಜಾಲರಿ ಹೊಡೆಸಿಬಿಟ್ರೆ ಮುಗೀತಲ್ವಾ?" "ಮುಗಿಯುತ್ತೆ ಮೇಷ್ಟ್ರೇ, ಆದ್ರೆ ಟ್ಯೂಬು ಸುಟ್ಟಾಗ ಬದಲಾಯಿಸೋರು ಯಾರು, ಹೇಗೆ ತೆಗೀತಾರೆ ಹೇಳಿ" ಅಂದೆ. ವೆಲ್ಡಿಂಗ್ ಮಾಡಿ ಗೋಡೆಗೇ ಕೂರಿಸಿದ ಜಾಲರಿಯೊಳಗೆ ಸತ್ತ ಟ್ಯೂಬು ವರ್ಷಗಟ್ಟಲೆ ಕೂತಿರೋದನ್ನ ನಾನು ಬೇಕಾದಷ್ಟು ಕಡೆ ನೋಡಿದ್ದೀನಿ, ಕಳ್ಳನೂ ತೆಗೆಯೋಕೆ ಆಗಲ್ಲ, ನಾವೂ ಬದಲಾಯಿಸೋಕೆ ಆಗಲ್ಲ, ಮಕ್ಕಳು ಕತ್ತಲೆಯಲ್ಲೇ ಓಡಾಡ್ತಾರೆ. ಜಾಲರಿ ಬೇಕು ಅಂದ್ರೆ ಒಂದು ಕಡೆ ಕೀಲು, ಇನ್ನೊಂದು ಕಡೆ ಮಾಮೂಲಿ ಸ್ಕ್ರೂಡ್ರೈವರಿಗೆ ಬಿಚ್ಚದ ಎರಡು ಸೆಕ್ಯುರಿಟಿ ಸ್ಕ್ರೂ ಇರಬೇಕು, ಕಬ್ಬಿಣ ಆದ್ದರಿಂದ ಕಡ್ಡಾಯವಾಗಿ ಅರ್ಥಿಂಗ್ ಕೊಡ್ಬೇಕು, ಕಣ್ಣು ದೊಡ್ಡದಿರಬೇಕು, ಇಲ್ಲಾಂದ್ರೆ ಜೇಡರ ಬಲೆ ಧೂಳು ಕಟ್ಕೊಂಡು ಬೆಳಕೇ ಬರಲ್ಲ.

ಸೆಕ್ಯುರಿಟಿ ಸ್ಕ್ರೂ ಅಂದ್ರೆ ಮೂರು ನಾಲ್ಕು ಥರ ಇದೆ. ಬಿಗಿ ಮಾತ್ರ ಮಾಡಬಹುದು ಬಿಚ್ಚೋಕೆ ಆಗಲ್ಲ ಅನ್ನೋ ಒನ್‌ವೇ ಸ್ಕ್ರೂ ಲೈಟಿಗೆ ಬೇಡ, ಬದಲಾಯಿಸೋ ದಿನ ಡ್ರಿಲ್ ಹಾಕಿ ತೆಗೀಬೇಕಾಗುತ್ತೆ. ತಲೆಯಲ್ಲಿ ಎರಡು ತೂತು ಇರೋದು ಪರವಾಗಿಲ್ಲ, ಆದ್ರೆ ಮೂತಿ ಚೂಪಾದ ಪ್ಲೈಯರ್ ಇದ್ರೆ ಬಿಚ್ಚಬಹುದು. ಆರು ಮೂಲೆ ನಕ್ಷತ್ರ, ಮಧ್ಯೆ ಸಣ್ಣ ಗೂಟ ಇರೋ ಟಾರ್ಕ್ಸ್ ಸ್ಕ್ರೂ ಇದೆಯಲ್ಲ, ಅದು ನನಗೆ ಸರಿ ಅನ್ಸುತ್ತೆ, ಮಾಮೂಲಿ ಅಲೆನ್ ಕೀಯೂ ಹಿಡಿಯಲ್ಲ, ಮಾಮೂಲಿ ಟಾರ್ಕ್ಸೂ ಹಿಡಿಯಲ್ಲ, ಮಧ್ಯೆ ತೂತಿರೋ ಸ್ಕ್ರೂಡ್ರೈವರ್ ಬಿಟ್ (ತುದಿ) ಬೇಕೇ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿ, ಇಲ್ಲಾ ಆನ್‌ಲೈನಲ್ಲಿ ಬಿಟ್ ಸಮೇತ ತರಿಸ್ಕೊಳ್ಳಿ. ಪೂರ್ತಿ ಕಟ್ಟಡಕ್ಕೆ ಒಂದೇ ಸೈಜು ಬಳಸಿ, ಬೇರೆ ಬೇರೆ ಸೈಜಾದ್ರೆ ಬಿಟ್ ಹುಡುಕೋದ್ರಲ್ಲೇ ಜೀವ ಹೋಗುತ್ತೆ.

ಈಗಿನ ಎಲ್‌ಇಡಿ ಬ್ಯಾಟನ್ ಇದ್ರೆ

ಟ್ಯೂಬು ಪಟ್ಟಿ ಎರಡೂ ಒಂದೇ ಆಗಿರೋ ಬ್ಯಾಟನ್ ಬಂದ ಮೇಲೆ ಟ್ಯೂಬು ಮಾತ್ರ ಕದಿಯೋದು ನಿಂತಿದೆ, ಪೂರ್ತಿ ಬ್ಯಾಟನ್ನೇ ಹೋಗುತ್ತೆ. ಯಾಕಂದ್ರೆ ಅದು ನಿಂತಿರೋದು ಗೋಡೆಗೆ ಹೊಡೆದ ಎರಡು ಸಣ್ಣ ಸ್ಟೀಲ್ ಕ್ಲಿಪ್ಪಲ್ಲಿ, ಕೆಳಗಿಂದ ಕೈ ಹಾಕಿ ಎಳೆದ್ರೆ ಟಪ್ ಅಂತ ಬರುತ್ತೆ, ವೈರು ಎಳೆದ್ರೆ ಕಿತ್ತು ಬರುತ್ತೆ. ಇದಕ್ಕೆ ನಾನು ಮಾಡಿಸೋದು ಹೀಗೆ: ಬ್ಯಾಟನ್ ಅಗಲಕ್ಕೆ ಹೊಂದೋ ಜಿಐ ಸ್ಯಾಡಲ್, ಪೈಪ್ ಹಿಡಿಯೋಕೆ ಹೊಡೀತಾರಲ್ಲ ಆ ಥರದ್ದು, ಎರಡು ತಗೊಂಡು ಬ್ಯಾಟನ್ ಮೇಲಿಂದ ಗೋಡೆಗೆ ಸೆಕ್ಯುರಿಟಿ ಸ್ಕ್ರೂ ಹಾಕಿ ಬಿಗಿಯೋದು. ಸ್ಯಾಡಲ್ ಕೆಳಗೆ ತೆಳು ರಬ್ಬರ್ ಕೊಡಿ, ಬೆಳಕಿನ ಭಾಗ ಆದಷ್ಟು ಮರೆಯಾಗದ ಹಾಗೆ ತುದಿ ಕಡೆ ಕೂರಿಸಿ. ಬ್ಯಾಟನ್ ಮೈಗೇ ತೂತು ಕೊರೆದು ಸ್ಕ್ರೂ ಹಾಕೋಣ ಅಂತ ಯಾರಾದ್ರೂ ಹೇಳಿದ್ರೆ ಬೇಡ ಅನ್ನಿ, ಒಳಗೆ ಎಲ್‌ಇಡಿ ಪಟ್ಟಿ, ಡ್ರೈವರ್ ಬೋರ್ಡ್ ಇರುತ್ತೆ, ಸ್ಕ್ರೂ ತಾಗಿದ್ರೆ ಶಾರ್ಟ್ ಆಗಬಹುದು, ಮೈ ಕರೆಂಟ್ ಹೊಡೀಬಹುದು, ವಾರಂಟಿಯಂತೂ ಹೋಯ್ತು.

ಗೋಡೆಯ ಹಿಡಿತ ನೋಡೋದು ಮರೀಬೇಡಿ. ಮಣ್ಣಿನ ಗೋಡೆ, ಪೊಳ್ಳು ಇಟ್ಟಿಗೆ, ಉದುರೋ ಗಾರೆ ಇದ್ರೆ ಎಷ್ಟೇ ದುಬಾರಿ ಸ್ಕ್ರೂ ಹಾಕಿದ್ರೂ ರಾಲ್ ಪ್ಲಗ್ (ಗೋಡೆ ತೂತಿಗೆ ಸೇರಿಸೋ ಪ್ಲಾಸ್ಟಿಕ್ ಗೂಟ) ಸಮೇತ ಕೈಗೆ ಬರುತ್ತೆ. ಬಿಗಿದ ಮೇಲೆ ಸ್ಕ್ರೂ ತಿರುಗ್ತಾನೇ ಇದ್ರೆ ಆ ತೂತು ಬಿಟ್ಟು ಪಕ್ಕದಲ್ಲಿ ಹೊಸದು ಹಾಕಿ, ಉದ್ದದ ಪ್ಲಗ್ ಬಳಸಿ. ವೈರಿನ ಜೋಡಣೆ ಬ್ಯಾಟನ್ ಬಾಲದಲ್ಲಿ ಟೇಪ್ ಸುತ್ತಿ ಬಿಡೋ ಬದಲು ಮುಚ್ಚಳ ಇರೋ ಜಂಕ್ಷನ್ ಬಾಕ್ಸೊಳಗೆ ಕನೆಕ್ಟರಲ್ಲಿ ಮಾಡಿ, ಯಾರಾದ್ರೂ ಎಳೆದ್ರೂ ಬೆತ್ತಲೆ ತುದಿ ಹೊರಗೆ ಬರೋದು ಕಷ್ಟ ಆಗುತ್ತೆ. ಆ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನಾಗೇ ಲೈನು ಕಡಿಯೋ ಸ್ವಿಚ್ಚು) ಇಲ್ಲಾಂದ್ರೆ ಹಾಕಿಸಿ, ಮಕ್ಕಳಿರೋ ಜಾಗದಲ್ಲಿ ಇದಕ್ಕೆ ದುಡ್ಡಿಲ್ಲ ಅನ್ನೋ ಮಾತು ಬರಬಾರದು.

ಹೊಸದಾಗಿ ಮಾಡಿಸೋರಿಗೆ ನನ್ನ ಸಲಹೆ, ಹಳೇ ಗಾಜಿನ ಟ್ಯೂಬಿಗೆ ಇನ್ನು ಜಾಲರಿ ಪೆಟ್ಟಿಗೆ ಅಂತ ದುಡ್ಡು ಹಾಕಬೇಡಿ. ಪಾದರಸದ ಬಗ್ಗೆ ಇರೋ ಮಿನಮಾಟ ಒಪ್ಪಂದದ ದೇಶಗಳು 2023ರಲ್ಲಿ ಸೇರಿ ಉದ್ದದ ಫ್ಲೋರೊಸೆಂಟ್ ಟ್ಯೂಬುಗಳ ತಯಾರಿಕೆ, ಆಮದು, ರಫ್ತು 2027ರ ಒಳಗೆ ಹಂತ ಹಂತವಾಗಿ ನಿಲ್ಲಿಸೋಕೆ ಒಪ್ಪಿದ್ದಾವೆ, ಆ ಟ್ಯೂಬು ಸಿಗೋದೇ ಕಷ್ಟ ಆಗುತ್ತೆ. ಕೈಗೆ ಎಟುಕೋ ಜಾಗಕ್ಕೆ ಐಕೆ10 ಅಂತ ಬರೆದಿರೋ ಬಲ್ಕ್‌ಹೆಡ್ ತಗೊಳ್ಳಿ, ಅದು 20 ಜೌಲ್ ಏಟು ತಡೆಯುತ್ತೆ ಅನ್ನೋ ದರ್ಜೆ, ಐಕೆ08 ಅಂದ್ರೆ 5 ಜೌಲ್ ಮಾತ್ರ. ಮಳೆ ಇರಚಲು ಹೊಡಿಯೋ ಕಡೆ ಐಪಿ65 (ಧೂಳು, ನೀರು ಒಳಗೆ ಹೋಗದ ದರ್ಜೆ) ಇರಲಿ. ಕ್ಲಿಪ್ಪಲ್ಲಿ ಮುಚ್ಚೋ ಮಾಡೆಲ್ಲು ಬೇಡ, ಸ್ಕ್ರೂ ಹಾಕಿ ಮುಚ್ಚೋದೇ ಬೇಕು ಅಂತ ಕೇಳಿ ತಗೊಳ್ಳಿ. ಚಾವಣಿ ಎತ್ತರ ಇದ್ರೆ ಸುಮ್ನೆ ಇನ್ನೂ ಮೇಲಕ್ಕೆ ಹಾಕಿ, ಏಣಿ ಇಲ್ಲದೆ ಎಟುಕದ ಲೈಟನ್ನ ಕದಿಯೋರು ತೀರಾ ಕಮ್ಮಿ, ಆಮೇಲೆ ಆ ಏಣಿಯನ್ನ ಅಲ್ಲೇ ಕೆಳಗೆ ಒರಗಿಸಿ ಇಡೋ ಅಭ್ಯಾಸ ಬಿಡಿಸಿ.

ಮುಗಿದ ಮೇಲೆ ಪರೀಕ್ಷೆ

ಎಂಸಿಬಿ ಕೆಳಗಿದ್ದಾಗಲೇ ಬ್ಯಾಟನ್ ಹಿಡಿದು ಕೆಳಕ್ಕೆ ಎಳೆದು ನೋಡಿ, ಪಕ್ಕಕ್ಕೆ ತಿರುಗಿಸಿ ನೋಡಿ, ಟ್ಯೂಬಾದ್ರೆ ಕಾಲು ಸುತ್ತು ಹಿಂದಕ್ಕೆ ತಿರುಗಿಸೋ ಪ್ರಯತ್ನ ಮಾಡಿ, ಅಲುಗಾಡಿದ್ರೆ ಮತ್ತೆ ಬಿಗಿ ಮಾಡಿ. ಆಮೇಲೆ ಕರೆಂಟ್ ಕೊಟ್ಟು ನಾಲ್ಕೈದು ಸಲ ಆನ್ ಆಫ್ ಮಾಡಿ, ತಗಡಿನ ಪಟ್ಟಿ, ಜಾಲರಿ, ಸ್ಯಾಡಲ್ ಎಲ್ಲದಕ್ಕೂ ಟೆಸ್ಟರ್ ಹಚ್ಚಿ, ಎಲ್ಲೂ ಬೆಳಗಬಾರದು. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಟ್ರಿಪ್ ಆಗ್ಲೇಬೇಕು. ಒಂದು ಗಂಟೆ ಉರಿಸಿ ಆಫ್ ಮಾಡಿ ಕೇಬಲ್ ಟೈ, ಕೊಳವೆ, ರಬ್ಬರ್ ಮುಟ್ಟಿ ನೋಡಿ, ಮೆತ್ತಗಾಗಿದ್ರೆ ಜಾಗ ಬದಲಾಯಿಸಿ. ಕತ್ತಲಾದ ಮೇಲೆ ಒಂದು ಸಲ ಬಂದು ಜಾಲರಿ ನೆರಳು ಮೆಟ್ಟಿಲ ಮೇಲೆ ಬೀಳ್ತಿದ್ಯಾ ನೋಡಿ, ಅಡ್ಡಡ್ಡ ನೆರಳು ಬಿದ್ರೆ ಮೆಟ್ಟಿಲ ಅಂಚು ಕಾಣದೆ ವಯಸ್ಸಾದವರು ಎಡವ್ತಾರೆ.

ಸೆಕ್ಯುರಿಟಿ ಬಿಟ್ ಎರಡು ತಗೊಳ್ಳಿ. ಒಂದು ಎಲೆಕ್ಟ್ರಿಷಿಯನ್ ಹತ್ರ, ಇನ್ನೊಂದು ಆಫೀಸ್ ಬೀರುವಿನಲ್ಲಿ ಕೀ ಗೊಂಚಲಿನ ಜೊತೆ, ಯಾವ ಲೈಟಿಗೆ ಅಂತ ಚೀಟಿ ಕಟ್ಟಿ. ಮೀಟರ್ ಬೋರ್ಡ್ ಬಾಗಿಲ ಒಳಗಡೆ ಒಂದು ಹಾಳೆ ಅಂಟಿಸಿ ಪಾಯಿಂಟ್ ನಂಬರು, ಲೈಟಿನ ಥರ, ವ್ಯಾಟು, ಹಾಕಿದ ತಾರೀಖು, ಯಾವ ಎಂಸಿಬಿ ಅಂತ ಬರೆದಿಡಿ, ಬದಲಾಯಿಸಿದಾಗೆಲ್ಲ ಮುಂದಿನ ಸಾಲಲ್ಲಿ ತುಂಬಿ. ಒಂದೇ ಪಾಯಿಂಟು ಮತ್ತೆ ಮತ್ತೆ ಹೋಗ್ತಿದ್ರೆ ಆ ಹಾಳೆಯಲ್ಲೇ ಕಾಣುತ್ತೆ, ಆಗ ಏಣಿ ತಗೊಂಡು ಹೋಗಿ ಆ ಒಂದು ಜಾಗದ ಹೋಲ್ಡರು ಕ್ಲಿಪ್ಪಿಂದ ಮತ್ತೆ ಶುರು ಮಾಡಿ.